ಸ್ಪ್ರಿಂಗು, ಎಣ್ಣೆ ಮತ್ತು ಹಟ ಬಿಡದ ಸವಾರರು

1928ರಲ್ಲಿ ಜುಸೆಪ್ಪೆ ಗುಝ್ಝಿ ಎಂಬ ಇಟಲಿಯ ಎಂಜಿನಿಯರ್ ಕೋಮೊ ಸರೋವರದ ದಂಡೆಯ ಮಾಂಡೆಲ್ಲೊ ಎಂಬ ಊರಿನಿಂದ ಮೋಟರ್‌ಸೈಕಲ್ ಏರಿ ಉತ್ತರಕ್ಕೆ ಹೊರಟರು. ಗುರಿ ನಾರ್ವೆಯ ತುತ್ತತುದಿ, ಆರ್ಕ್‌ಟಿಕ್ ವೃತ್ತದ ಆಚೆ. ಹೋಗಿಬರುವ ದಾರಿ 6,000 ಕಿ.ಮೀ.ಗೂ ಹೆಚ್ಚು. ಅವರ ಸೋದರ ಕಾರ್ಲೊ ಕಟ್ಟಿದ ಮೋಟೊ ಗುಝ್ಝಿ ಕಂಪನಿಯ 500 ಸಿಸಿ ಗಾಡಿ ಅದು. ಅದರ ಹಿಂದಿನ ಚಕ್ರಕ್ಕೂ ಸ್ಪ್ರಿಂಗು ಇತ್ತು. ಎಂಜಿನ್ನಿನ ಅಡಿಯಲ್ಲಿ ಒಂದು ಪೆಟ್ಟಿಗೆಯೊಳಗೆ ಸ್ಪ್ರಿಂಗುಗಳನ್ನು ಅಡಗಿಸಿಟ್ಟು, ಹಿಂಬದಿ ಚಕ್ರ ಮೇಲೆ ಕೆಳಗೆ ಆಡುವಂತೆ ಜುಸೆಪ್ಪೆಯವರೇ ಚೌಕಟ್ಟು ರೂಪಿಸಿದ್ದರು. ಗಿರಾಕಿಗಳಿಗೆ ಮಾತ್ರ ನಂಬಿಕೆ ಬಂದಿರಲಿಲ್ಲ. ಹಿಂದಿನ ಚಕ್ರವೇ ಅಲುಗಾಡಿದರೆ ಗಾಡಿ ನೆಟ್ಟಗೆ ಹೋಗುವುದು ಹೇಗೆ ಎಂಬ ಶಂಕೆ. ವಾದ ಮಾಡುತ್ತ ಕೂರುವ ಬದಲು ಜುಸೆಪ್ಪೆ ಆ ಗಾಡಿಯನ್ನೇ ಓಡಿಸಿಕೊಂಡು ನಾರ್ವೆಗೆ ಹೋಗಿ ಬಂದರು.

ಇಂದು ಬೈಕಿನ ಶಾಕ್ ಅಬ್ಸಾರ್ಬರ್ ಬದಲಿಸುವುದು, ಮುಂದಿನ ಫೋರ್ಕಿಗೆ ಬೇರೆ ಸ್ಪ್ರಿಂಗು ಹಾಕಿಸುವುದು ಹವ್ಯಾಸಿಗಳ ಖರ್ಚಿನ ಚಟದಂತೆ ಕಾಣುತ್ತದೆ. ಆದರೆ ಮೋಟರ್‌ಸೈಕಲ್ಲಿನ ನೂರು ವರ್ಷದ ಚರಿತ್ರೆಯನ್ನು ತಿರುವಿದರೆ ಸಸ್ಪೆನ್ಷನ್ ಸುಧಾರಿಸಿದ್ದೇ ಹೀಗೆ ಎಂಬುದು ಎದ್ದು ಕಾಣುತ್ತದೆ. ಎಂಜಿನ್ನಿನ ಬಲ ಹೆಚ್ಚಿಸಲು ಕಂಪನಿಗಳು ತಾವಾಗಿಯೇ ಪೈಪೋಟಿ ನಡೆಸಿದವು. ಚಕ್ರ ನೆಲಕ್ಕೆ ಅಂಟಿಕೊಂಡಿರುವಂತೆ ಮಾಡುವ ಕೆಲಸವನ್ನು ಮಾತ್ರ ಹೆಚ್ಚಿನ ಸಲ ಮೊದಲು ಮಾಡಿದವರು ಸವಾರರು, ರೇಸಿಗೆ ಹೋಗುವ ಮಕ್ಕಳ ತಂದೆಯರು, ಸಣ್ಣ ಗ್ಯಾರೇಜಿನವರು. ಕಂಪನಿಗಳು ಅವರ ಹಿಂದೆ ಬಂದವು.

ಆರಂಭದ ಮೋಟರ್‌ಸೈಕಲ್ ಎಂದರೆ ಸೈಕಲ್ಲಿಗೆ ಕೂರಿಸಿದ ಎಂಜಿನ್. ಹಿಂದಿನ ಅಚ್ಚನ್ನು ಚೌಕಟ್ಟಿಗೆ ನೇರವಾಗಿ ಬಿಗಿಯುತ್ತಿದ್ದರು. ಸವಾರನ ಬೆನ್ನುಮೂಳೆಗೂ ರಸ್ತೆಯ ಕಲ್ಲಿಗೂ ನಡುವೆ ಇದ್ದದ್ದು ಟಯರಿನ ಗಾಳಿ ಮತ್ತು ಸೀಟಿನ ಕೆಳಗಿನ ಎರಡು ಸ್ಪ್ರಿಂಗು ಮಾತ್ರ. ಮುಂಭಾಗಕ್ಕೆ ಗರ್ಡರ್ ಫೋರ್ಕ್ ಬಂತು. ನಾಲ್ಕು ಕೊಂಡಿಗಳ ಮೇಲೆ ಇಡೀ ಫೋರ್ಕು ಮೇಲೆ ಕೆಳಗೆ ಆಡುತ್ತಿತ್ತು, ನಡುವೆ ಒಂದು ಸ್ಪ್ರಿಂಗು. ಕುಲುಕು ಹೆಚ್ಚಾದರೆ ಸವಾರ ಒಂದು ಗುಬ್ಬಿಯನ್ನು ಕೈಯಿಂದಲೇ ತಿರುಗಿಸಿ ಬಿಗಿ ಮಾಡಿಕೊಳ್ಳುತ್ತಿದ್ದ. ಅಮೆರಿಕದ ಇಂಡಿಯನ್ ಕಂಪನಿ 1913ರಲ್ಲೇ ಹಿಂಬದಿಗೆ ಲಾರಿಗಳಲ್ಲಿ ಕಾಣುವಂಥ ಕಮಾನು ಪಟ್ಟಿಗಳನ್ನು ಹಾಕಿ ನೋಡಿತ್ತು. ಆದರೆ ಅಂದಿನ ಕೀಲುಗಳು ಬೇಗ ಸವೆಯುತ್ತಿದ್ದವು. ಸವೆದ ಕೀಲಿನ ಮೇಲೆ ಚಕ್ರ ಪಕ್ಕಕ್ಕೂ ವಾಲಾಡುತ್ತಿತ್ತು. ರೇಸಿನವರು ಹಿಂದಿನ ಚಕ್ರ ಬಿಗಿಯಾಗಿರಲಿ ಎಂದು ಹಟ ಹಿಡಿದದ್ದಕ್ಕೆ ಕಾರಣವಿಲ್ಲದೆ ಇರಲಿಲ್ಲ.

ಜುಸೆಪ್ಪೆ ನಾರ್ವೆಗೆ ಹೋದ ವರ್ಷವೇ ಇಂಗ್ಲೆಂಡಿನಲ್ಲಿ ಫಿಲಿಪ್ ವಿನ್ಸೆಂಟ್ ಎಂಬ ಯುವಕ ಹಿಂಬದಿ ಸಸ್ಪೆನ್ಷನ್ನಿಗೆ ಪೇಟೆಂಟ್ ಪಡೆದರು. ಅರ್ಜೆಂಟೀನಾದಲ್ಲಿ ಪಶುಪಾಲನೆ ನಡೆಸುತ್ತಿದ್ದ ತಂದೆಯ ಹಣದಿಂದ ಎಚ್‌ಆರ್‌ಡಿ ಎಂಬ ಹೆಸರನ್ನು ಕೊಂಡು ತಮ್ಮದೇ ಕಂಪನಿ ತೆರೆದರು. ಅವರ ವಿನ್ಯಾಸದಲ್ಲಿ ಹಿಂದಿನ ತ್ರಿಕೋನಾಕಾರದ ಚೌಕಟ್ಟು ಪೂರ್ತಿಯಾಗಿ ಒಂದು ಕೀಲಿನ ಮೇಲೆ ಆಡುತ್ತಿತ್ತು, ಸ್ಪ್ರಿಂಗುಗಳು ಸೀಟಿನ ಅಡಿಯಲ್ಲಿದ್ದವು. ದೂರದಿಂದ ನೋಡಿದವರಿಗೆ ಅದು ಸ್ಪ್ರಿಂಗಿಲ್ಲದ ಮಾಮೂಲಿ ಗಾಡಿಯಂತೆಯೇ ಕಾಣುತ್ತಿತ್ತು. ಹಳೆಯ ರೂಪಕ್ಕೆ ಒಗ್ಗಿದ್ದ ಗಿರಾಕಿಯ ಕಣ್ಣಿಗೆ ಅದು ಒಪ್ಪಿಗೆಯಾಗಬೇಕಿತ್ತು.

ಶಂಕೆಗೆ ಉತ್ತರ ಸಿಕ್ಕಿದ್ದು 1935ರಲ್ಲಿ, ಐಲ್ ಆಫ್ ಮ್ಯಾನ್ ದ್ವೀಪದ ಟಿಟಿ ರೇಸಿನಲ್ಲಿ. ಹಿಂಬದಿಗೆ ಸ್ಪ್ರಿಂಗಿದ್ದ ಮೋಟೊ ಗುಝ್ಝಿ ಏರಿದ ಸ್ಟಾನ್ಲಿ ವುಡ್ಸ್, ನಾರ್ಟನ್ನಿನ ಜಿಮ್ಮಿ ಗಥ್ರಿಯನ್ನು ಸೀನಿಯರ್ ಟಿಟಿಯಲ್ಲಿ 4 ಸೆಕೆಂಡುಗಳ ಅಂತರದಿಂದ ಸೋಲಿಸಿದರು. ಅದೇ ವರ್ಷ ಬಿಎಂಡಬ್ಲ್ಯು ತನ್ನ ಆರ್12 ಮತ್ತು ಆರ್17 ಮಾದರಿಗಳಿಗೆ ಒಳಗೆ ಎಣ್ಣೆ ತುಂಬಿದ ಟೆಲಿಸ್ಕೋಪಿಕ್ ಫೋರ್ಕ್ ಕೊಟ್ಟಿತು. ಒಂದು ಕೊಳವೆಯೊಳಗೆ ಇನ್ನೊಂದು ಜಾರುವ, ಇವತ್ತಿಗೂ ನಮ್ಮ ಬಹುತೇಕ ಬೈಕುಗಳ ಮುಂಭಾಗದಲ್ಲಿರುವ ಅದೇ ಫೋರ್ಕು.

ಎಣ್ಣೆ ಬಂದದ್ದು ಈ ಕಥೆಯ ದೊಡ್ಡ ತಿರುವು. ಬರೀ ಸ್ಪ್ರಿಂಗು ಪೆಟ್ಟನ್ನು ನುಂಗುವುದಿಲ್ಲ, ಕೂಡಿಟ್ಟುಕೊಂಡು ಮರುಕ್ಷಣ ಹಿಂದಕ್ಕೆ ಕೊಡುತ್ತದೆ. ಗುಂಡಿ ದಾಟಿದ ಮೇಲೂ ಗಾಡಿ ಮೂರು ನಾಲ್ಕು ಸಲ ಕುಣಿಯುತ್ತದೆ. ಹಾಗೆ ಕುಣಿಯುವಾಗ ಟಯರು ನೆಲ ಬಿಡುತ್ತದೆ, ನೆಲ ಬಿಟ್ಟ ಟಯರಿಗೆ ಬ್ರೇಕೂ ಇಲ್ಲ, ತಿರುವೂ ಇಲ್ಲ. ಎಣ್ಣೆಯನ್ನು ಸಣ್ಣ ತೂತುಗಳ ಮೂಲಕ ನುಗ್ಗುವಂತೆ ಮಾಡಿದರೆ ಆ ಶಕ್ತಿ ಶಾಖವಾಗಿ ಕಳೆದುಹೋಗುತ್ತದೆ. ಸ್ಪ್ರಿಂಗು ಭಾರ ಹೊರುತ್ತದೆ, ಎಣ್ಣೆ ಕುಣಿತವನ್ನು ನಿಲ್ಲಿಸುತ್ತದೆ. ಈ ಎರಡು ಕೆಲಸಗಳನ್ನು ಬೇರೆ ಬೇರೆಯಾಗಿ ನೋಡಲು ಕಲಿತವರೇ ಮುಂದೆ ಸಸ್ಪೆನ್ಷನ್ನನ್ನು ಬದಲಿಸಿದರು.

ಅವರಲ್ಲಿ ಮೊದಲು ನೆನೆಯಬೇಕಾದವರು ಬೆಲ್‌ಫಾಸ್ಟಿನ ರೆಕ್ಸ್ ಮೆಕ್ಯಾಂಡ್ಲೆಸ್. ಎರಡನೇ ಮಹಾಯುದ್ಧದ ನಡುವೆ, 1944ರಲ್ಲಿ, ಅವರು ತಮಗಾಗಿ ಒಂದು ಗಾಡಿ ಕಟ್ಟಿಕೊಂಡರು. ಅದರ ಹಿಂಬದಿಯ ಸ್ವಿಂಗ್ ಆರ್ಮಿಗೆ, ಎಂದರೆ ಚಕ್ರವನ್ನು ಹಿಡಿದು ಕೀಲಿನ ಮೇಲೆ ಆಡುವ ತೋಳಿಗೆ, ಅವರು ಜೋಡಿಸಿದ್ದು ಸಿಟ್ರೊಯನ್ ಕಾರಿನಿಂದ ತೆಗೆದ ಹೈಡ್ರಾಲಿಕ್ ಶಾಕ್ ಅಬ್ಸಾರ್ಬರುಗಳನ್ನು. ಆಮೇಲೆ ಸೋದರ ಕ್ರೋಮಿಯ ಜೊತೆ ಸೇರಿ, ಸ್ಪ್ರಿಂಗಿಲ್ಲದ ಹಳೆಯ ಚೌಕಟ್ಟುಗಳನ್ನು ಕತ್ತರಿಸಿ ಸ್ವಿಂಗ್ ಆರ್ಮ್ ಕೂರಿಸುವ ಕಿಟ್‌ಗಳನ್ನು ಮಾರತೊಡಗಿದರು. ಕಂಪನಿ ಕೊಟ್ಟ ಗಾಡಿಗೆ ಹೊರಗಿನವರು ಹೊಸ ಸಸ್ಪೆನ್ಷನ್ ಹಾಕಿಕೊಡುವ ಕಸುಬು ಒಂದು ವ್ಯಾಪಾರವಾಗಿ ಗಟ್ಟಿಯಾಗಿ ನಿಂತದ್ದು ಇಂಥ ಕೈಗಳಿಂದ. ನಾರ್ಟನ್ ಕಂಪನಿ ಕೊನೆಗೆ ಈ ಸೋದರರನ್ನೇ ಕರೆಸಿಕೊಂಡಿತು. ಅವರು ಮಾಡಿಕೊಟ್ಟ ‘ಫೆದರ್‌ಬೆಡ್’ ಚೌಕಟ್ಟಿನ ಗಾಡಿಗಳು 1950ರ ಟಿಟಿಯಲ್ಲಿ ಸೀನಿಯರ್ ಮತ್ತು ಜೂನಿಯರ್ ಎರಡೂ ರೇಸುಗಳ ಮೊದಲ ಮೂರು ಸ್ಥಾನಗಳನ್ನು ಗೆದ್ದವು. ಸೀನಿಯರ್ ಗೆದ್ದ ಜೆಫ್ ಡ್ಯೂಕ್ ಅಲ್ಲಿಂದಾಚೆಗೆ ಮನೆಮಾತಾದರು.

ಅದೇ ಹೊತ್ತಿಗೆ ರೆಡಿಚ್ ಪಟ್ಟಣದ ರಾಯಲ್ ಎನ್‌ಫೀಲ್ಡ್ ಕಾರ್ಖಾನೆಯಲ್ಲಿ ನಡೆದ ಕೆಲಸ ನಮಗೆ ಹೆಚ್ಚು ಹತ್ತಿರದ್ದು. 1948ರ ಆರಂಭದಲ್ಲಿ ಕೋಲ್ಮೋರ್ ಕಪ್ ಟ್ರಯಲ್ಸ್ ಸ್ಪರ್ಧೆಗೆ ಹಿಂಬದಿ ಸ್ವಿಂಗ್ ಆರ್ಮ್ ಮತ್ತು ಎಣ್ಣೆಯ ಶಾಕ್ಸ್ ಇದ್ದ 350 ಸಿಸಿ ಬುಲೆಟ್ ಬಂದಾಗ ಹಳಬರು ಮೂಗು ಮುರಿದರು. ಕಲ್ಲು ಕೆಸರಿನ ಟ್ರಯಲ್ಸಿಗೆ ಬಿಗಿ ಹಿಂಬದಿಯೇ ಸರಿ ಎಂಬುದು ಅವರ ಪಾಠ. ಅದೇ ವರ್ಷ ಇಟಲಿಯಲ್ಲಿ ನಡೆದ ಅಂತರರಾಷ್ಟ್ರೀಯ ಆರು ದಿನಗಳ ಟ್ರಯಲ್ಸಿನಲ್ಲಿ ಬ್ರಿಟನ್ನಿನ ತಂಡ ಟ್ರೋಫಿ ಗೆದ್ದಿತು. ಆ ತಂಡದಲ್ಲಿದ್ದ ಇಬ್ಬರು ಬುಲೆಟ್ ಸವಾರರೂ ಚಿನ್ನದ ಪದಕ ತಂದರು. ಮರುವರ್ಷ ಬುಲೆಟ್ ಮಾರುಕಟ್ಟೆಗೆ ಬಂತು. ಐವತ್ತರ ದಶಕದಲ್ಲಿ ಭಾರತದ ಸೇನೆಯ ಕೈಗೆ ಬಂದದ್ದೂ, 1955ರಲ್ಲಿ ಮದ್ರಾಸ್ ಮೋಟರ್ಸ್ ಜೊತೆಗೂಡಿ ಎನ್‌ಫೀಲ್ಡ್ ಇಂಡಿಯಾ ಸ್ಥಾಪನೆಯಾದ ಮೇಲೆ ತಿರುವೊತ್ತಿಯೂರಿನಲ್ಲಿ ತಯಾರಾದದ್ದೂ ಈ ಬುಲೆಟ್ಟೇ.

ಮೈಸೂರಿಗೆ ಬಂದ ದಾರಿ ಇನ್ನೊಂದು. ಅದು ಪ್ರಾಗ್‌ನಿಂದ ಹೊರಟದ್ದು. ಜರ್ಮನ್ನರ ಹಿಡಿತದಲ್ಲಿದ್ದ ಚೆಕೊಸ್ಲೊವಾಕಿಯಾದಲ್ಲಿ ಜಾವಾ ಕಂಪನಿಯ ಎಂಜಿನಿಯರುಗಳು ಗುಟ್ಟಾಗಿ ಒಂದು 250 ಸಿಸಿ ಗಾಡಿಯನ್ನು ರೂಪಿಸುತ್ತಿದ್ದರು. ಯುದ್ಧ ಮುಗಿದ ಮರುವರ್ಷ, 1946ರ ಪ್ಯಾರಿಸ್ ಪ್ರದರ್ಶನದಲ್ಲಿ ಅದು ಹೊರಬಂದು ಚಿನ್ನದ ಪದಕ ಪಡೆಯಿತು. ಮುಂದೆ ಟೆಲಿಸ್ಕೋಪಿಕ್ ಫೋರ್ಕ್, ಹಿಂದೆ ಪ್ಲಂಜರ್ ಎಂದರೆ ಅಚ್ಚಿನ ಎರಡೂ ಬದಿಗೆ ನೆಟ್ಟಗೆ ನಿಂತ ಸ್ಪ್ರಿಂಗು. ಯುದ್ಧಕಾಲದ ಪ್ರಾಗ್ ಜನ ಕಾಲಿಗೆ ಸ್ಪ್ರಿಂಗು ಕಟ್ಟಿಕೊಂಡು ಮನೆಗಳ ಮೇಲೆ ಜಿಗಿಯುವ ‘ಪೆರಾಕ್’ ಎಂಬ ನಿಗೂಢ ಮನುಷ್ಯನ ಕಥೆ ಹೇಳಿಕೊಳ್ಳುತ್ತಿದ್ದರು. ಗಾಡಿಗೂ ಅದೇ ಹೆಸರಾಯಿತು. ಪ್ಲಂಜರಿನ ಕೊರತೆ ಎಂದರೆ ಚಕ್ರ ಆಡುವ ದೂರ ಬಹಳ ಕಡಿಮೆ. ಚಕ್ರ ಮೇಲೇರಿ ಇಳಿದಂತೆ ಚೈನಿನ ಬಿಗಿಯೂ ಬದಲಾಗುತ್ತಿತ್ತು. 1954ರಲ್ಲಿ ಜಾವಾ ಅದನ್ನು ಕೈಬಿಟ್ಟು ಸ್ವಿಂಗ್ ಆರ್ಮ್ ಇರುವ 353 ಮಾದರಿಯನ್ನು ತಂದಿತು.

ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾದದ್ದು ಈ 353ರಿಂದ. ಕಂಪನಿ ಕಟ್ಟಿದವರು ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ. 1961ರಲ್ಲಿ ಅದನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. 1973ರಿಂದ ಯೆಜ್ಡಿ ಎಂಬ ಹೆಸರಿನಲ್ಲಿ, 1978ರಿಂದ ರೋಡ್‌ಕಿಂಗ್ ರೂಪದಲ್ಲಿ, 1996ರಲ್ಲಿ ಬಾಗಿಲು ಮುಚ್ಚುವ ತನಕ ಮೈಸೂರಿನ ಈ ಗಾಡಿಗಳು ಕೊಡಗಿನ ತೋಟದ ದಾರಿ, ಮಲೆನಾಡಿನ ಘಾಟಿ, ಬಯಲುಸೀಮೆಯ ಮಣ್ಣುರಸ್ತೆಗಳಲ್ಲಿ ಓಡಿದವು. ಆ ದಾರಿಗಳಲ್ಲೇ ಒಂದು ತಲೆಮಾರಿನ ಮೆಕ್ಯಾನಿಕ್‌ಗಳು ಸಸ್ಪೆನ್ಷನ್ ಓದಲು ಕಲಿತರು.

ಅವರ ಭಾಷೆ ಪುಸ್ತಕದ್ದಲ್ಲ. ‘ಶಾಕ್ಸ್ ಕೂತುಬಿಟ್ಟಿದೆ’ ಎಂದರೆ ಸ್ಪ್ರಿಂಗಿನ ಕಸುವು ಹೋಗಿದೆ ಎಂದರ್ಥ. ‘ಸೀಲ್ ಹೋಗಿದೆ’ ಎಂದರೆ ಫೋರ್ಕಿನ ಎಣ್ಣೆ ಸೋರಿ ಟಯರಿನ ಕಡೆಗೆ ಇಳಿಯುತ್ತಿದೆ. ‘ಬುಷ್ ಹೊಡೆದಿದೆ’ ಎಂದರೆ ಸ್ವಿಂಗ್ ಆರ್ಮಿನ ಕೀಲು ಸವೆದು ಹಿಂದಿನ ಚಕ್ರ ತಿರುವಿನಲ್ಲಿ ಓಲಾಡುತ್ತಿದೆ. ಅಪಘಾತದಲ್ಲಿ ಬಾಗಿದ ಫೋರ್ಕಿನ ಕೊಳವೆಯನ್ನು ಪ್ರೆಸ್ಸಿನಲ್ಲಿಟ್ಟು ‘ಬೆಂಡ್ ತೆಗೆಯುವ’ ಅಂಗಡಿಗಳು ಇಂದಿಗೂ ಇವೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬೇಕಾದ ಸಾಮಾನು ಸಿಗದಿದ್ದರೆ ಲೇತ್ ಅಂಗಡಿಯಲ್ಲಿ ಕಂಚಿನ ಬುಷ್ ಕಡೆಸಿ ಕೂರಿಸುತ್ತಿದ್ದರು. ಅಪ್‌ಗ್ರೇಡ್ ಎಂಬ ಮಾತು ಬರುವ ಮೊದಲೇ ಅಪ್‌ಗ್ರೇಡ್ ಇಲ್ಲಿತ್ತು. ದಪ್ಪ ಎಣ್ಣೆ ಹಾಕುವುದು, ಫೋರ್ಕಿನ ಸ್ಪ್ರಿಂಗಿನ ಮೇಲೆ ಒಂದು ಕೊಳವೆ ತುಂಡು ಇಟ್ಟು ಬಿಗಿ ಮಾಡುವುದು, ಬೇರೆ ಗಾಡಿಯ ಶಾಕ್ಸನ್ನು ಗುಜರಿಯಿಂದ ತಂದು ಹೊಂದಿಸುವುದು, ಎಲ್ಲವೂ.

ದಪ್ಪ ಎಣ್ಣೆಯ ಉಪಾಯದ ಮಿತಿಯನ್ನೂ ಇಲ್ಲಿ ಹೇಳಬೇಕು. ಹಳೆಯ ಬಗೆಯ ಫೋರ್ಕಿನಲ್ಲಿ ಎಣ್ಣೆ ಹಾಯುವ ತೂತಿನ ಗಾತ್ರ ಬದಲಾಗುವುದಿಲ್ಲ. ಚಕ್ರ ಎಷ್ಟು ವೇಗವಾಗಿ ಮೇಲೇಳುತ್ತದೋ ಅದರ ವರ್ಗದ ಪ್ರಮಾಣದಲ್ಲಿ ಎಣ್ಣೆಯ ತಡೆ ಏರುತ್ತದೆ. ಹೀಗಾಗಿ ಬ್ರೇಕ್ ಹಿಡಿದಾಗ ಮೂಗು ನಿಧಾನವಾಗಿ ಮುಗ್ಗರಿಸುತ್ತದೆ, ಆಗ ತಡೆ ಸಾಲದು. ಚೂಪಾದ ಗುಂಡಿಗೆ ಬಿದ್ದಾಗ ತಡೆ ಅತಿಯಾಗಿ, ಪೆಟ್ಟು ನೇರ ಮುಂಗೈಗೆ ಬರುತ್ತದೆ. ಎಣ್ಣೆ ದಪ್ಪ ಮಾಡಿದರೆ ಮೊದಲನೆಯದು ಸರಿಹೋಗಿ ಎರಡನೆಯದು ಕೆಡುತ್ತದೆ. ಮುಂದೆ ಬಂದ ಕಾರ್ಟ್ರಿಜ್ ಫೋರ್ಕುಗಳಲ್ಲಿ ತೂತಿನ ಬಾಯಿಗೆ ತೆಳು ಉಕ್ಕಿನ ಬಿಲ್ಲೆಗಳ ಅಡುಕು ಇಟ್ಟರು. ಒತ್ತಡ ಏರಿದಂತೆ ಬಿಲ್ಲೆಗಳು ಬಾಗಿ ದಾರಿ ಅಗಲವಾಗುತ್ತದೆ. ಹಳೆಯ ಫೋರ್ಕುಗಳಿಗೂ ಇದೇ ಗುಣ ಬರಲೆಂದು ಅಮೆರಿಕದ ರೇಸ್ ಟೆಕ್ ಸಂಸ್ಥೆ ಸ್ಪ್ರಿಂಗಿನ ಕೆಳಗೆ ಕೂರಿಸುವ ಒಂದು ಸಣ್ಣ ಕವಾಟವನ್ನು ಮಾರುಕಟ್ಟೆಗೆ ತಂದಿತು. ಅಂಗೈಯಲ್ಲಿ ಅಡಗುವ ಆ ತುಂಡು ಹಳೆಯ ಬೈಕುಗಳ ಪಾಲಿಗೆ ದೊಡ್ಡ ಉಪಕಾರ.

ಅಂಥ ಪ್ರಯೋಗಗಳಿಗೆಲ್ಲ ಕಣವಾದದ್ದು ಮಣ್ಣು ದಿಬ್ಬಗಳ ಹಾದಿಯಲ್ಲಿ ನಡೆಯುವ ರೇಸು, ಮೋಟೊಕ್ರಾಸ್. 1970ರ ದಶಕದ ಆರಂಭದಲ್ಲಿ ಮೋಟೊಕ್ರಾಸ್ ಬೈಕಿನ ಹಿಂದಿನ ಚಕ್ರ ಆಡುತ್ತಿದ್ದದ್ದು ಸುಮಾರು 100 ಮಿ.ಮೀ. ದಶಕ ಮುಗಿಯುವಷ್ಟರಲ್ಲಿ ಅದು 300 ಮಿ.ಮೀ. ಮುಟ್ಟಿತ್ತು. ಮೋಟರ್‌ಸೈಕಲ್ ಚರಿತ್ರೆಯಲ್ಲಿ ಇಷ್ಟು ಬೇಗ ಇಷ್ಟು ಬದಲಾದ ಭಾಗ ಇನ್ನೊಂದಿಲ್ಲ. ಇದಕ್ಕೆ ಚಾಲನೆ ಕೊಟ್ಟವರಲ್ಲೊಬ್ಬರು ಬೆಲ್ಜಿಯಮ್ಮಿನ ಎಂಜಿನಿಯರ್ ಲೂಸಿಯನ್ ಟಿಲ್ಕೆನ್ಸ್. ಅವರ ಮಗ ಮೋಟೊಕ್ರಾಸ್ ಓಡಿಸುತ್ತಿದ್ದ. ಹಿಂಬದಿಯ ಎರಡು ಶಾಕ್ಸ್ ತೆಗೆದು, ಟ್ಯಾಂಕಿನ ಅಡಿಯಲ್ಲಿ ಉದ್ದನೆಯ ಒಂದೇ ಶಾಕ್ ಮಲಗಿಸಿ, ತ್ರಿಕೋನಾಕಾರದ ಸ್ವಿಂಗ್ ಆರ್ಮಿಗೆ ಜೋಡಿಸಿದರು. ವಿಶ್ವ ಚಾಂಪಿಯನ್ ರೋಜರ್ ಡಿ ಕಾಸ್ಟರ್ ಅದನ್ನು ಓಡಿಸಿ ನೋಡಿದರು, ಆದರೆ ಅವರ ಸುಜುಕಿ ಕಂಪನಿ ಕೈಹಿಡಿಯಲಿಲ್ಲ. ಯಮಹಾ ಹಕ್ಕು ಕೊಂಡಿತು. 1973ರಲ್ಲಿ ಸ್ವೀಡನ್ನಿನ ಹೋಕನ್ ಆಂಡರ್ಸನ್ ಆ ಮೊನೊಶಾಕ್ ಗಾಡಿಯಲ್ಲಿ 250 ಸಿಸಿ ವಿಶ್ವಪಟ್ಟ ಗೆದ್ದರು. ಮೋಟೊಕ್ರಾಸಿನಲ್ಲಿ ಯಮಹಾಕ್ಕೆ ಅದೇ ಮೊದಲ ವಿಶ್ವಪಟ್ಟ. ಇಂದು ಪ್ರತಿ ಕಾಲೇಜಿನ ಮುಂದೆ ನಿಂತ ಬೈಕುಗಳ ಸೀಟಿನ ಅಡಿಯಲ್ಲಿ ಕಾಣುವ ಒಂಟಿ ಶಾಕಿನ ಹಿಂದೆ ಮಗನ ರೇಸಿಗಾಗಿ ತಲೆಕೆಡಿಸಿಕೊಂಡ ಆ ತಂದೆಯ ಕೆಲಸವಿದೆ.

ಚಕ್ರ ಹೆಚ್ಚು ಆಡತೊಡಗಿದಾಗ ಹೊಸ ತೊಂದರೆ ಹುಟ್ಟಿತು. ಎಣ್ಣೆ ಕಾದು ನೊರೆಯಾಗುತ್ತಿತ್ತು. ನೊರೆಗೆ ತಡೆ ಕೊಡುವ ಶಕ್ತಿ ಇಲ್ಲ. ರೇಸಿನ ಮೊದಲ ಸುತ್ತುಗಳಲ್ಲಿ ಸರಿಯಿದ್ದ ಗಾಡಿ ಕೊನೆಯ ಸುತ್ತುಗಳಲ್ಲಿ ಕುದುರೆಯಂತೆ ಒದೆಯುತ್ತಿತ್ತು. ಫ್ರಾನ್ಸಿನ ಡಿ ಕಾರ್ಬನ್ 1953ರಲ್ಲೇ ಇದಕ್ಕೆ ಪರಿಹಾರ ತೋರಿಸಿದ್ದರು. ಎಣ್ಣೆಯನ್ನು ಒತ್ತಡದ ಅನಿಲದಿಂದ ಸದಾ ಅದುಮಿಟ್ಟರೆ ನೊರೆ ಏಳುವುದಿಲ್ಲ. ಆ ತತ್ವವನ್ನು ಮೋಟೊಕ್ರಾಸಿಗೆ ಒಗ್ಗಿಸಿ ಹೆಸರು ಮಾಡಿದವರಲ್ಲಿ ಕೆಂತ್ ಓಲಿನ್ ಪ್ರಮುಖರು. ಸ್ವತಃ ಮೋಟೊಕ್ರಾಸ್ ಸವಾರರಾಗಿದ್ದ ಅವರು 1976ರಲ್ಲಿ ಸ್ವೀಡನ್ನಿನಲ್ಲಿ ಕಂಪನಿ ತೆರೆದರು. ಎರಡೇ ವರ್ಷದಲ್ಲಿ ಸೋವಿಯತ್ ಸವಾರ ಗೆನ್ನಡಿ ಮೊಯ್ಸೆಯೆವ್ ಅವರ ಶಾಕ್ಸ್ ಹಾಕಿದ ಕೆಟಿಎಂನಲ್ಲಿ ವಿಶ್ವಪಟ್ಟ ಗೆದ್ದರು. 1977ರಲ್ಲಿ ನೆದರ್ಲೆಂಡ್ಸಿನ ವಿಮ್ ಪೀಟರ್ಸ್ ಶುರು ಮಾಡಿದ ವೈಟ್ ಪವರ್ ಮುಂದೆ ಡಬ್ಲ್ಯುಪಿ ಆಗಿ ಕೆಟಿಎಂ ಜೊತೆ ಬೆಸೆದುಕೊಂಡಿತು.

ಭಾರತದ ಪೇಟೆಗೆ ಇವೆಲ್ಲ ಬಂದದ್ದು ತಡವಾಗಿ, ಆದರೆ ಬಂದ ಮೇಲೆ ವೇಗವಾಗಿ. 2000ರ ದಶಕದ ಮಧ್ಯದಲ್ಲಿ ಬಜಾಜ್ ಪಲ್ಸರಿಗೆ ಅನಿಲ ತುಂಬಿದ ಶಾಕ್ಸ್ ಬಂದ ಮೇಲೆ ‘ಗ್ಯಾಸ್ ಶಾಕ್ಸ್’ ಎಂಬುದು ಗ್ಯಾರೇಜಿನ ಮಾತಾಯಿತು. ಬುಲೆಟ್ ಇದ್ದವರೂ ಅದನ್ನೇ ಕೇಳತೊಡಗಿದರು. 2008ರಲ್ಲಿ ಯಮಹಾದ ಆರ್15 ಮೊನೊಶಾಕ್ ತಂದಿತು. 2012ರಲ್ಲಿ ಕೆಟಿಎಂ 200 ಡ್ಯೂಕ್ 43 ಮಿ.ಮೀ. ದಪ್ಪದ, ತಲೆಕೆಳಗಾದ ಡಬ್ಲ್ಯುಪಿ ಫೋರ್ಕನ್ನು ಕಾಲೇಜು ಹುಡುಗರ ಕೈಗೆಟುಕಿಸಿತು. 2016ರ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಮುಂದೆ 200, ಹಿಂದೆ 180 ಮಿ.ಮೀ. ಆಟದೊಂದಿಗೆ ಬಂದು ಗುಂಡಿ ರಸ್ತೆಗೆ ಮರ್ಯಾದೆಯ ಉತ್ತರ ಕೊಟ್ಟಿತು.

ಕರ್ನಾಟಕದ ಸವಾರರು ಈ ಪಾಠವನ್ನು ಮರುಭೂಮಿಯ ತನಕ ಒಯ್ದಿದ್ದಾರೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ್‍ಯಾಲಿ ಮುಗಿಸಿದ ಮೊದಲ ಭಾರತೀಯರಾದರು. ಕೆ.ಪಿ. ಅರವಿಂದ್ 2019ರಲ್ಲಿ ಅದನ್ನು ಪೂರ್ತಿಗೊಳಿಸಿದರು. ಅದೇ ವರ್ಷ ಐಶ್ವರ್ಯಾ ಪಿಸ್ಸೆ ಬಾಜಾ ವಿಶ್ವಕಪ್ಪಿನ ಮಹಿಳಾ ವಿಭಾಗ ಗೆದ್ದರು. ಅಂಥ ಓಟಗಳಲ್ಲಿ ದಿನಕ್ಕೆ ನೂರಾರು ಕಿಲೋಮೀಟರ್ ಮರಳು, ಕಲ್ಲು, ಒಣ ಹೊಳೆಪಾತ್ರ. ಅಲ್ಲಿ ಸಸ್ಪೆನ್ಷನ್ ಕೈಕೊಟ್ಟರೆ ಮುರಿಯುವುದು ಸವಾರನ ಮೂಳೆ. ರ್‍ಯಾಲಿಯ ಈ ಅನುಭವ ಪೇಟೆಗೂ ಇಳಿಯಿತು. ಹೀರೊ 2020ರಲ್ಲಿ ಎಕ್ಸ್‌ಪಲ್ಸ್ 200ಕ್ಕೆ ಒಂದು ರ್‍ಯಾಲಿ ಕಿಟ್ ಮಾರಿತು. ಬೇಕಾದಂತೆ ಹೊಂದಿಸಿಕೊಳ್ಳಬಹುದಾದ ಫೋರ್ಕು ಮತ್ತು ಶಾಕು, ಮುಂದಿನ ಚಕ್ರಕ್ಕೆ 250 ಮಿ.ಮೀ. ಆಟ. ಮೆಕ್ಯಾಂಡ್ಲೆಸ್ ಸೋದರರು ಬೆಲ್‌ಫಾಸ್ಟಿನಲ್ಲಿ ಮಾರುತ್ತಿದ್ದ ಬಗೆಯ ಕಿಟ್ಟನ್ನು ಕಂಪನಿಯೇ ಕೌಂಟರಿನಲ್ಲಿಟ್ಟು ಕೊಡುವ ಕಾಲ ಬಂದಿತ್ತು.

ಇಷ್ಟಾದರೂ ಒಳ್ಳೆಯ ಮೆಕ್ಯಾನಿಕ್ ಮೊದಲು ಮಾಡುವ ಕೆಲಸ ಬದಲಾಗಿಲ್ಲ. ಹೊಸ ಶಾಕ್ಸ್ ಪೆಟ್ಟಿಗೆ ಒಡೆಯುವ ಮುನ್ನ ಆತ ಟೇಪು ಹಿಡಿಯುತ್ತಾನೆ. ಹಿಂದಿನ ಚಕ್ರ ನೆಲ ಬಿಡುವಂತೆ ಗಾಡಿಯನ್ನು ಎತ್ತಿ, ಅಚ್ಚಿನಿಂದ ಸೀಟಿನ ಕೆಳಗಿನ ಒಂದು ಗುರುತಿಗೆ ಅಳೆಯುತ್ತಾನೆ. ಆಮೇಲೆ ಮಾಲೀಕನನ್ನು ಜಾಕೆಟ್ಟು, ಹೆಲ್ಮೆಟ್ಟು ಸಮೇತ ಕೂರಿಸಿ, ಒಬ್ಬರು ಹ್ಯಾಂಡಲ್ ಹಿಡಿದುಕೊಂಡಾಗ ಮತ್ತೆ ಅಳೆಯುತ್ತಾನೆ. ಎರಡರ ನಡುವಿನ ವ್ಯತ್ಯಾಸ ಚಕ್ರದ ಒಟ್ಟು ಆಟದ ಮೂರರಲ್ಲೊಂದು ಪಾಲಿನ ಆಸುಪಾಸಿನಲ್ಲಿದ್ದರೆ ಸ್ಪ್ರಿಂಗು ಆ ಮನುಷ್ಯನ ತೂಕಕ್ಕೆ ಹೊಂದುತ್ತದೆ. ಕಂಪನಿಯ ಸ್ಪ್ರಿಂಗು ಎಲ್ಲರಿಗೂ ಸೇರಿ ಮಾಡಿದ್ದು. ಒಂಟಿಯಾಗಿ ಓಡಾಡುವ ಐವತ್ತು ಕೆ.ಜಿ.ಯ ಹುಡುಗಿಗೂ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಸಂತೆಗೆ ಹೋಗುವ ರೈತನಿಗೂ ಅದು ಒಂದೇ. ಹಿಂಬದಿ ಶಾಕ್ಸಿನ ಕೆಳಗಿನ ಹಲ್ಲುಗಳ ಬಳೆಯನ್ನು ತಿರುಗಿಸಿದರೆ ಗಾಡಿಯ ಎತ್ತರ ಬದಲಾಗುತ್ತದೆಯೇ ಹೊರತು ಸ್ಪ್ರಿಂಗಿನ ಗಡಸುತನವಲ್ಲ. ಇದು ತಿಳಿಯದೆ ದುಬಾರಿ ಶಾಕ್ಸ್ ಕೊಂಡು ಬಳೆಯನ್ನು ಕೊನೆಯ ಹಲ್ಲಿಗೆ ಬಿಗಿದು ಬೆನ್ನುನೋವು ಕೊಂಡವರು ಬಹಳ ಮಂದಿ. ಅನೇಕ ಸಲ ಮಾಲೀಕನಿಗೆ ಬೇಕಿರುವುದು ತಾಜಾ ಫೋರ್ಕ್ ಎಣ್ಣೆ, ಹೊಸ ಸೀಲು ಮತ್ತು ಬುಷ್ ಮಾತ್ರ.

ಮೋಟರು ವಾಹನ ಕಾಯ್ದೆಯ 52ನೇ ಕಲಂ, ಕಂಪನಿ ನಮೂದಿಸಿದ ಮೂಲ ವಿವರಗಳಿಗಿಂತ ಭಿನ್ನವಾಗಿ ವಾಹನ ಮಾರ್ಪಡಿಸುವುದನ್ನು ತಡೆಯುತ್ತದೆ ಎಂಬುದನ್ನೂ ಕಿಟ್ ಕೊಳ್ಳುವವರು ನೆನಪಿಡಬೇಕು.

ಗುಝ್ಝಿ, ವಿನ್ಸೆಂಟ್, ಮೆಕ್ಯಾಂಡ್ಲೆಸ್, ಓಲಿನ್ ಇವರ ಕೆಲಸ ಯುರೋಪಿನ ಸಂಗ್ರಹಾಲಯಗಳಲ್ಲೂ ಪುಸ್ತಕಗಳಲ್ಲೂ ದಾಖಲಾಗಿದೆ. ಯಾದವಗಿರಿಯ ಕಾರ್ಖಾನೆಯಲ್ಲಿ ದುಡಿದ, ಅದು ಮುಚ್ಚಿದ ಮೇಲೂ ಜಾವಾ ಯೆಜ್ಡಿಗಳನ್ನು ಓಡುವಂತೆ ಇಟ್ಟ ಕೆಲಸಗಾರರ ವಿದ್ಯೆಗೆ ಅಂಥ ದಾಖಲೆ ಬೇಕಾಗಿದೆ. ಯಾವ ಸ್ಪ್ರಿಂಗಿಗೆ ಯಾವ ಎಣ್ಣೆ, ಯಾವ ಬುಷ್ ಎಷ್ಟು ಬಿಗಿ ಎಂಬುದು ಅವರ ಕೈಯಲ್ಲಿ, ನೆನಪಿನಲ್ಲಿ ಮಾತ್ರ ಇದೆ. ಕಾರ್ಖಾನೆ ಮುಚ್ಚಿ ಮೂರು ದಶಕ ತುಂಬುತ್ತಿದೆ, ಅಂದಿನ ಯುವ ಕೆಲಸಗಾರರು ಈಗ ವೃದ್ಧರು. ಮೈಸೂರಿನ ಎಂಜಿನಿಯರಿಂಗ್ ಕಾಲೇಜುಗಳೂ ಜಾವಾ ಯೆಜ್ಡಿ ಸಂಘಗಳೂ ಒಂದು ರೆಕಾರ್ಡರ್ ಹಿಡಿದು ಅವರ ಮನೆಗಳಿಗೆ, ಗ್ಯಾರೇಜುಗಳಿಗೆ ಹೋಗಬೇಕು. ಅದನ್ನು ಈ ವರ್ಷವೇ ಶುರು ಮಾಡಬೇಕು.